ಗಲ್ಫ್ ದುಡ್ಡು ನಮ್ಮ ಮನೆಯದು, ಪಾಠ ಮಾತ್ರ ಪರದೇಶದ್ದು!

ಕಾಸರಗೋಡು: 2025ರ ಡಿಸೆಂಬರ್ ಮೊದಲ ವಾರದಲ್ಲಿ ಡಾಲರಿನ ಎದುರು ರೂಪಾಯಿ ಇತಿಹಾಸದಲ್ಲೇ ಮೊದಲ ಬಾರಿಗೆ 90ರ ಗಡಿ ದಾಟಿತು. ಮುಂಬಯಿ, ದೆಹಲಿಗಳಲ್ಲಿ ಅದು ಟಿವಿ ಚರ್ಚೆಯ ವಿಷಯ. ನಮ್ಮಲ್ಲಿ ಹಾಗಲ್ಲ. ಮಂಜೇಶ್ವರದಿಂದ ತೃಕ್ಕರಿಪುರದವರೆಗೆ, ಗಲ್ಫಿನಲ್ಲಿ ದುಡಿಯುವ ಒಬ್ಬರಾದರೂ ಇರುವ ಮನೆಗಳಲ್ಲಿ ಅದು ತಿಂಗಳ ಖರ್ಚಿನ ಲೆಕ್ಕ. "ಇವತ್ತು ದಿರ್ಹಮಿಗೆ ಎಷ್ಟು?" ಎಂದು ಕೇಳಿ ತಿಳಿದ ಮೇಲೆಯೇ ಹಣ ಕಳುಹಿಸುವವರು ನಮ್ಮವರು. ಅಡಿಕೆ ಬೆಳೆಗಾರನಿಗೆ ಆಮದಿನ ಸುದ್ದಿ ಮಳೆಯ ಸುದ್ದಿಯಷ್ಟೇ ಮುಖ್ಯ.

ಇಷ್ಟೆಲ್ಲ ತಿಳಿದ ಮನೆಯ ಮಗ ಅಥವಾ ಮಗಳು ಡಿಗ್ರಿಗೆ ಸೇರಿ ಅರ್ಥಶಾಸ್ತ್ರ ಓದುವಾಗ ಏನಾಗುತ್ತದೆ? ಸಮಗ್ರ ಅರ್ಥಶಾಸ್ತ್ರ ಮತ್ತು ಅಂತಾರಾಷ್ಟ್ರೀಯ ಹಣಕಾಸು ಎಂಬ ಎರಡು ವಿಷಯಗಳು ಎದುರಾಗುತ್ತವೆ. ವಿನಿಮಯ ದರ, ಪಾವತಿ ಬಾಕಿ, ಬಡ್ಡಿ, ಹಣದುಬ್ಬರ... ಎಲ್ಲವೂ ಇವೆ. ಆದರೆ ಇದೆಲ್ಲ ತನ್ನ ಮನೆಯದೇ ಕಥೆ ಎಂಬುದು ವಿದ್ಯಾರ್ಥಿಗೆ ಕೊನೆಯವರೆಗೂ ಗೊತ್ತಾಗುವುದಿಲ್ಲ. ಇಂಗ್ಲಿಷ್ ಪದ, ಎರಡು ಗೆರೆಯ ನಕ್ಷೆ, ಪರೀಕ್ಷೆಗೆ ಬಾಯಿಪಾಠ. ಅಲ್ಲಿಗೆ ಮುಗಿಯಿತು.

ನಮ್ಮ ಜಿಲ್ಲೆಯಲ್ಲಿ ಉನ್ನತ ಶಿಕ್ಷಣಕ್ಕೆ ಜಾಗವಿಲ್ಲವೆಂದಲ್ಲ. 1957ರಲ್ಲಿ ಆರಂಭವಾದ ಕಾಸರಗೋಡು ಸರಕಾರಿ ಕಾಲೇಜು ಇದೆ. ಪೆರಿಯದಲ್ಲಿ, 2009ರ ಕಾಯ್ದೆಯಂತೆ ಸ್ಥಾಪನೆಯಾದ ಕೇರಳ ಕೇಂದ್ರೀಯ ವಿಶ್ವವಿದ್ಯಾನಿಲಯದಲ್ಲಿ ಅರ್ಥಶಾಸ್ತ್ರಕ್ಕೇ ಒಂದು ವಿಭಾಗವಿದೆ. ಪ್ರಶ್ನೆ ಇರುವುದು ಕಟ್ಟಡದ ಬಗ್ಗೆ ಅಲ್ಲ, ಪಾಠ ಎಲ್ಲಿಂದ ಶುರುವಾಗಬೇಕು ಎಂಬುದರ ಬಗ್ಗೆ.

ಪುಸ್ತಕದ ದಾರಿ

ಜಗತ್ತಿನ ಬಹುಪಾಲು ವಿಶ್ವವಿದ್ಯಾನಿಲಯಗಳಲ್ಲಿ ಈ ಪಾಠ ಒಂದೇ ದಾರಿಯಲ್ಲಿ ಸಾಗುತ್ತದೆ. 1936ರಲ್ಲಿ ಕೇನ್ಸ್ ಬರೆದ ಪುಸ್ತಕದಿಂದ ಸಮಗ್ರ ಅರ್ಥಶಾಸ್ತ್ರ ಒಂದು ಪ್ರತ್ಯೇಕ ವಿಷಯವಾಗಿ ಬೆಳೆಯಿತು. 1948ರಲ್ಲಿ ಅಮೆರಿಕದ ಪಾಲ್ ಸ್ಯಾಮ್ಯುಯೆಲ್ಸನ್ ಅದನ್ನು ಕಾಲೇಜು ಪಠ್ಯಪುಸ್ತಕದೊಳಗೆ ತಂದರು. 1960ರ ದಶಕದ ಆರಂಭದಲ್ಲಿ ರಾಬರ್ಟ್ ಮುಂಡೆಲ್ ಮತ್ತು ಮಾರ್ಕಸ್ ಫ್ಲೆಮಿಂಗ್ ಅದಕ್ಕೆ ವಿದೇಶಿ ವ್ಯಾಪಾರ ಮತ್ತು ಬಂಡವಾಳದ ಓಡಾಟವನ್ನು ಸೇರಿಸಿದರು. ನಮ್ಮ ಪ್ಲಸ್ ಟು ಮಕ್ಕಳು ಓದುವ ಎನ್‌ಸಿಇಆರ್‌ಟಿ ಪುಸ್ತಕದ ಕೊನೆಯ ಅಧ್ಯಾಯ 'ತೆರೆದ ಆರ್ಥಿಕತೆ' ಇದೇ ಪರಂಪರೆಯದು.

ಈ ಪರಂಪರೆಯನ್ನು ತಳ್ಳಿಹಾಕುವಂತಿಲ್ಲ. ಅದರಲ್ಲಿ ಗಟ್ಟಿ ಸತ್ಯಗಳಿವೆ. ತೊಂದರೆ ಇರುವುದು ಬೇರೆ ಕಡೆ. ಪುಸ್ತಕದ ಉದಾಹರಣೆಗಳು ಅಮೆರಿಕ, ಜಪಾನ್, ಯುರೋಪಿನವು. ನಮ್ಮ ವಿದ್ಯಾರ್ಥಿ ಡಾಲರ್-ಯೆನ್ ಲೆಕ್ಕ ಮಾಡುತ್ತಾನೆ, ಅಣ್ಣ ಕಳುಹಿಸುವ ದಿರ್ಹಮಿನ ಲೆಕ್ಕ ಮಾಡುವುದಿಲ್ಲ. ಅದನ್ನು ಮಾಡಿಸಿದರೆ ಏನೇನು ಕಲಿಯಬಹುದು? ಮೂರು ನಾಲ್ಕು ಉದಾಹರಣೆ ನೋಡೋಣ.

ಮನೆಯ ಲೆಕ್ಕದಲ್ಲೇ ಹಣದುಬ್ಬರ

ಯುಎಇಯ ದಿರ್ಹಮ್ 1997ರಿಂದ ಡಾಲರಿಗೆ ಕಟ್ಟಿಹಾಕಿದ ನಾಣ್ಯ. ಒಂದು ಡಾಲರಿಗೆ 3.6725 ದಿರ್ಹಮ್, ಬದಲಾವಣೆಯೇ ಇಲ್ಲ. ಸೌದಿ ರಿಯಾಲ್ ಕೂಡ 1986ರಿಂದ ಡಾಲರಿಗೆ 3.75ರಂತೆ ನಿಂತಿದೆ. ಹಾಗಾಗಿ ಡಾಲರಿನೆದುರು ರೂಪಾಯಿ ಕುಸಿದರೆ ದಿರ್ಹಮಿನೆದುರೂ ಅಷ್ಟೇ ಕುಸಿಯುತ್ತದೆ. 2013ರ ಆಗಸ್ಟ್ ಕೊನೆಯಲ್ಲಿ ಡಾಲರ್ ಸುಮಾರು 68 ರೂಪಾಯಿ 80 ಪೈಸೆಗೆ ಏರಿದ್ದಾಗ ಒಂದು ದಿರ್ಹಮಿಗೆ 18 ರೂಪಾಯಿ 70 ಪೈಸೆ ಸಿಗುತ್ತಿತ್ತು. ಡಾಲರ್ 90 ಆದಾಗ ಸುಮಾರು 24 ರೂಪಾಯಿ 50 ಪೈಸೆ.

ಈಗ ತಿಂಗಳಿಗೆ 1,500 ದಿರ್ಹಮ್ ಕಳುಹಿಸುವ ಒಬ್ಬನನ್ನು ಊಹಿಸಿಕೊಳ್ಳಿ. 2013ರಲ್ಲಿ ಮನೆಗೆ ಬರುತ್ತಿದ್ದುದು 28,050 ರೂಪಾಯಿ. 2025ರ ಕೊನೆಯಲ್ಲಿ 36,750 ರೂಪಾಯಿ. ಎಂಟು ಸಾವಿರದ ಏಳುನೂರು ಲಾಭವಾಯಿತಲ್ಲವೇ? ಇಲ್ಲ. ಈ ಹನ್ನೆರಡು ವರ್ಷಗಳಲ್ಲಿ ದೇಶದ ಗ್ರಾಹಕ ಬೆಲೆ ಸೂಚ್ಯಂಕ ಶೇಕಡಾ 70ಕ್ಕೂ ಹೆಚ್ಚು ಏರಿದೆ. ಅಂದರೆ ಇಂದಿನ 36,750 ರೂಪಾಯಿಯಲ್ಲಿ ಕೊಳ್ಳಬಹುದಾದ ಸಾಮಾನು 2013ರ ಬೆಲೆಯಲ್ಲಿ 22 ಸಾವಿರ ರೂಪಾಯಿಗೂ ಕಡಿಮೆ. ಸಂಬಳ ಏರದಿದ್ದರೆ ಆ ಮನೆ ನಿಜಕ್ಕೂ ಬಡವಾಗಿದೆ. "ರೂಪಾಯಿ ಬಿದ್ದರೆ ಗಲ್ಫಿನವರಿಗೆ ಹಬ್ಬ" ಎನ್ನುವ ಮಾತು ಅರ್ಧ ಸತ್ಯ ಎಂಬುದು ಇಲ್ಲಿ ಗೊತ್ತಾಗುತ್ತದೆ. ನಾಮಮಾತ್ರ ಮೌಲ್ಯ, ನೈಜ ಮೌಲ್ಯ ಎಂಬ ಎರಡು ಪದಗಳನ್ನು ಇಡೀ ಸೆಮಿಸ್ಟರ್ ಕಲಿಸಿದರೂ ತಲೆಗೆ ಹೋಗದ್ದು ಈ ಒಂದು ಲೆಕ್ಕದಲ್ಲಿ ಹೋಗುತ್ತದೆ.

ಒಂದೇ ಹಣ, ಎರಡು ಖಾತೆ

ಪಾವತಿ ಬಾಕಿ ಎನ್ನುವುದು ಒಂದು ದೇಶ ಹೊರಜಗತ್ತಿನೊಡನೆ ಮಾಡಿದ ವ್ಯವಹಾರದ ಲೆಕ್ಕ. ಅದರಲ್ಲಿ ಚಾಲ್ತಿ ಖಾತೆ, ಬಂಡವಾಳ ಖಾತೆ ಎಂಬ ಎರಡು ಭಾಗಗಳಿವೆ. ಗಲ್ಫಿನ ಅಣ್ಣ ಮನೆಖರ್ಚಿಗೆ ಕಳುಹಿಸಿದ ಹಣ ಚಾಲ್ತಿ ಖಾತೆಗೆ ಸೇರುತ್ತದೆ. ಅದು ದೇಶಕ್ಕೆ ಬಂದದ್ದು ಬಂದದ್ದೇ, ಯಾರಿಗೂ ಹಿಂದಿರುಗಿಸಬೇಕಾಗಿಲ್ಲ. ಅದೇ ಅಣ್ಣ ಬ್ಯಾಂಕಿನಲ್ಲಿ ಅನಿವಾಸಿ ಠೇವಣಿ ಇಟ್ಟರೆ ಅದು ಬಂಡವಾಳ ಖಾತೆಗೆ ಹೋಗುತ್ತದೆ. ಅದು ದೇಶದ ಮೇಲಿನ ಸಾಲ. ಹೆದರಿಕೆಯಾದ ದಿನ ಆತ ಅದನ್ನು ವಾಪಸು ತೆಗೆಯಬಹುದು.

ಈ ವ್ಯತ್ಯಾಸ ಎಷ್ಟು ದೊಡ್ಡದು ಎಂಬುದನ್ನು ದೇಶ 1991ರಲ್ಲಿ ಕಂಡಿತು. 1990ರ ಆಗಸ್ಟ್‌ನಲ್ಲಿ ಇರಾಕ್ ಕುವೈತ್‌ಗೆ ನುಗ್ಗಿತು. ಎಣ್ಣೆಯ ಬೆಲೆ ಏರಿತು. ಒಂದೂವರೆ ಲಕ್ಷಕ್ಕೂ ಹೆಚ್ಚು ಭಾರತೀಯರನ್ನು ವಿಮಾನದಲ್ಲಿ ಕರೆತರಬೇಕಾಯಿತು. ಅಲ್ಲಿಂದ ಬರುತ್ತಿದ್ದ ಹಣಕ್ಕೆ ಪೆಟ್ಟು ಬಿತ್ತು. ಅದರ ಜತೆಗೆ ಅನಿವಾಸಿಗಳು ಠೇವಣಿಯನ್ನೂ ಹಿಂತೆಗೆಯತೊಡಗಿದರು. 1991ರ ಮಧ್ಯದ ಹೊತ್ತಿಗೆ ಉಳಿದಿದ್ದ ವಿದೇಶಿ ವಿನಿಮಯ ಎರಡು ಮೂರು ವಾರಗಳ ಆಮದಿಗೂ ಕಷ್ಟ ಎಂಬಷ್ಟಾಗಿತ್ತು. ಸರಕಾರ ಮೊದಲು 20 ಟನ್ ಚಿನ್ನವನ್ನು ಸ್ಟೇಟ್ ಬ್ಯಾಂಕಿನ ಮೂಲಕ ವಿದೇಶದಲ್ಲಿ ಮಾರಿತು. ಜುಲೈಯಲ್ಲಿ ರಿಸರ್ವ್ ಬ್ಯಾಂಕ್ ಸುಮಾರು 47 ಟನ್ ಚಿನ್ನವನ್ನು ಹೊರಕ್ಕೆ ಸಾಗಿಸಿ ಅಡವಿಟ್ಟಿತು. ಅದೇ ತಿಂಗಳ ಮೊದಲ ಮೂರು ದಿನಗಳಲ್ಲಿ ಎರಡು ಹಂತವಾಗಿ ರೂಪಾಯಿಯ ಅಪಮೌಲ್ಯವಾಯಿತು. ಮನೆಯ ಚಿನ್ನ ಸೊಸೈಟಿಯಲ್ಲಿ ಅಡವಿಟ್ಟು ಕಷ್ಟಕಾಲ ದಾಟುವುದು ನಮಗೆ ಹೊಸದಲ್ಲ. ಒಂದು ದೇಶವೂ ಅದನ್ನೇ ಮಾಡಿತು!

ಆಗ ಹಣಕಾಸು ಮಂತ್ರಿಯಾಗಿದ್ದ ಮನಮೋಹನ್ ಸಿಂಗ್ ಹಿಂದೆ ದೆಹಲಿ ಸ್ಕೂಲ್ ಆಫ್ ಎಕನಾಮಿಕ್ಸ್‌ನಲ್ಲಿ ಅಂತಾರಾಷ್ಟ್ರೀಯ ವ್ಯಾಪಾರವನ್ನೇ ಪಾಠ ಮಾಡಿದ್ದವರು. ಕ್ಲಾಸಿನ ಪಾಠಕ್ಕೂ ದೇಶದ ಗತಿಗೂ ಸಂಬಂಧವಿಲ್ಲ ಎನ್ನುವವರಿಗೆ ಇಷ್ಟು ಸಾಕು.

2013ರಲ್ಲಿ ರೂಪಾಯಿ ಮತ್ತೆ ಜಾರಿದಾಗ ರಿಸರ್ವ್ ಬ್ಯಾಂಕ್ ಅದೇ ಅನಿವಾಸಿಗಳ ಕಡೆ ತಿರುಗಿತು. ವಿದೇಶಿ ನಾಣ್ಯದ ಠೇವಣಿ ತಂದರೆ ವಿನಿಮಯದ ಅಪಾಯವನ್ನು ಕಡಿಮೆ ದರದಲ್ಲಿ ತಾನು ಹೊರುವೆನೆಂದು ಬ್ಯಾಂಕುಗಳಿಗೆ ಹೇಳಿತು. ಮೂರು ತಿಂಗಳೊಳಗೆ ಸುಮಾರು 26 ಶತಕೋಟಿ ಡಾಲರ್ ಠೇವಣಿ ಬಂತು. 1991ರಲ್ಲಿ ಓಡಿಹೋದ ಠೇವಣಿ 2013ರಲ್ಲಿ ಕೈಹಿಡಿಯಿತು. ಯಾಕೆ? ಒಳ್ಳೆಯ ಪರೀಕ್ಷೆಯ ಪ್ರಶ್ನೆ ಇದು.

ಇನ್ನೊಂದು ಮಾತು. ರಾಜ್ಯದ ಉತ್ಪನ್ನದ ಲೆಕ್ಕದಲ್ಲಿ ಗಲ್ಫ್ ಹಣ ಸೇರುವುದಿಲ್ಲ, ಏಕೆಂದರೆ ಆ ಉತ್ಪಾದನೆ ನಡೆದದ್ದು ಇಲ್ಲಲ್ಲ. ಕೇರಳ ವಲಸೆ ಸಮೀಕ್ಷೆಯ ಅಂದಾಜಿನಂತೆ 2018ರಲ್ಲಿ ರಾಜ್ಯಕ್ಕೆ ಬಂದ ಹಣ 85,092 ಕೋಟಿ ರೂಪಾಯಿ. 2023ರಲ್ಲಿ 2,16,893 ಕೋಟಿ. ಇಷ್ಟು ದೊಡ್ಡ ಮೊತ್ತ ಉತ್ಪನ್ನದ ಲೆಕ್ಕದ ಹೊರಗೆ ಇರುವ ಊರಿನಲ್ಲಿ, 'ರಾಷ್ಟ್ರೀಯ ಆದಾಯ'ದ ಪಾಠ ಗಲ್ಫ್ ಹಣವನ್ನು ಬಿಟ್ಟು ನಡೆದರೆ ಹೇಗೆ?

ದುಬಾಯಿಯ ಬಡ್ಡಿ, ವಾಷಿಂಗ್ಟನ್ನಿನ ಕೈ

ಮುಂಡೆಲ್-ಫ್ಲೆಮಿಂಗ್ ಪಾಠದ ಸಾರ ಒಂದು ಸರಳ ಮಾತು. ಒಂದು ದೇಶಕ್ಕೆ ಮೂರು ಆಸೆಗಳಿವೆ: ನಾಣ್ಯದ ದರ ಅಲುಗಾಡಬಾರದು, ಬಂಡವಾಳ ಸಲೀಸಾಗಿ ಬಂದುಹೋಗಬೇಕು, ಬಡ್ಡಿದರ ತನ್ನ ಕೈಯಲ್ಲೇ ಇರಬೇಕು. ಮೂರರಲ್ಲಿ ಎರಡು ಸಿಗಬಹುದು, ಮೂರೂ ಸಿಗುವುದಿಲ್ಲ.

ಇದಕ್ಕೆ ಯುಎಇಗಿಂತ ಒಳ್ಳೆಯ ಉದಾಹರಣೆ ಬೇಕೆ? ಅದು ಮೊದಲ ಎರಡನ್ನು ಆರಿಸಿಕೊಂಡಿದೆ. ಹಾಗಾಗಿ 2022-23ರಲ್ಲಿ ಅಮೆರಿಕದ ಫೆಡರಲ್ ರಿಸರ್ವ್ ಹಣದುಬ್ಬರ ತಡೆಯಲು ಬಡ್ಡಿ ಏರಿಸುತ್ತಾ ಹೋದಾಗ ಅಬುಧಾಬಿಯ ಸೆಂಟ್ರಲ್ ಬ್ಯಾಂಕ್ ಕೂಡ ಹಿಂದೆಯೇ ಏರಿಸಬೇಕಾಯಿತು. ಅಲ್ಲಿ ಸಾಲ ಮಾಡಿದ ನಮ್ಮವನ ಬಡ್ಡಿಯನ್ನು ನಿರ್ಧರಿಸಿದ್ದು ವಾಷಿಂಗ್ಟನ್. ಭಾರತದ್ದು ಮಧ್ಯದ ದಾರಿ. ರೂಪಾಯಿ ಅಲುಗಾಡುತ್ತದೆ, ತೀರಾ ಅಲುಗಾಡಿದರೆ ರಿಸರ್ವ್ ಬ್ಯಾಂಕ್ ಡಾಲರ್ ಮಾರಿ ಹಿಡಿಯುತ್ತದೆ. ಬಂಡವಾಳಕ್ಕೆ ಕೆಲವು ಬೇಲಿಗಳಿವೆ. ಬಡ್ಡಿದರ ಬಹುಮಟ್ಟಿಗೆ ನಮ್ಮ ಕೈಯಲ್ಲಿದೆ. ಒಂದೇ ಮನೆಯ ಅಣ್ಣ ಒಂದು ವ್ಯವಸ್ಥೆಯಲ್ಲಿ, ತಮ್ಮ ಇನ್ನೊಂದರಲ್ಲಿ ಬದುಕುತ್ತಿದ್ದಾರೆ. ಹೋಲಿಸಿ ಕಲಿಯಲು ಇಷ್ಟು ಅನುಕೂಲ ಲಂಡನ್ನಿನ ವಿದ್ಯಾರ್ಥಿಗೂ ಇಲ್ಲ.

ಅಡಿಕೆಯ ಬೇಲಿ

ಅಡಿಕೆಗೆ ಬರೋಣ. 2023ರ ಫೆಬ್ರವರಿಯಲ್ಲಿ ಕೇಂದ್ರ ಸರಕಾರ ಅಡಿಕೆಯ ಕನಿಷ್ಠ ಆಮದು ಬೆಲೆಯನ್ನು ಕಿಲೋಗೆ 251ರಿಂದ 351 ರೂಪಾಯಿಗೆ ಏರಿಸಿತು. ಅದಕ್ಕಿಂತ ಕಡಿಮೆ ಬೆಲೆಯ ಅಡಿಕೆ ತರುವಂತಿಲ್ಲ. ಬೆಳೆಗಾರರು ಸಂತೋಷಪಟ್ಟರು, ಅದು ಸಹಜ.

ಆದರೆ ಈ ಬೇಲಿ ಇರುವುದು ರೂಪಾಯಿಯಲ್ಲಿ, ವ್ಯಾಪಾರ ನಡೆಯುವುದು ಡಾಲರಿನಲ್ಲಿ. ಲೆಕ್ಕಕ್ಕಾಗಿ, ವಿದೇಶಿ ಅಡಿಕೆ ಕಿಲೋಗೆ 4 ಡಾಲರ್ ಎಂದಿಟ್ಟುಕೊಳ್ಳಿ. ಆ ಫೆಬ್ರವರಿಯಲ್ಲಿ ಡಾಲರ್ ಸುಮಾರು 83 ರೂಪಾಯಿ. ಅಂದರೆ ಕಿಲೋಗೆ 332 ರೂಪಾಯಿ. 351ರ ಬೇಲಿ ದಾಟುವುದಿಲ್ಲ. ಡಾಲರ್ 90 ಆದರೆ ಅದೇ ಅಡಿಕೆಯ ಬೆಲೆ 360 ರೂಪಾಯಿ. ಬೇಲಿ ಬದಲಾಗದಿದ್ದರೆ ದಾಟಿ ಬರುತ್ತದೆ! ಅದರ ಮೇಲೆ ಆಮದು ಸುಂಕ ಬೀಳುತ್ತದೆ ನಿಜ. ಆದರೂ ರೂಪಾಯಿ ಕುಸಿಯುತ್ತಾ ಹೋದಂತೆ ರೂಪಾಯಿಯಲ್ಲಿ ಕಟ್ಟಿದ ಬೇಲಿ ತಾನಾಗಿಯೇ ತಗ್ಗುತ್ತದೆ ಎಂಬ ತತ್ವ ಮಾತ್ರ ಗಟ್ಟಿ. ಈ ಲೆಕ್ಕ ಗೊತ್ತಿರುವ ಬೆಳೆಗಾರರ ಸಂಘ "ಬೆಲೆ ಏರಿಸಿ" ಎಂದು ಹತ್ತು ವರ್ಷಕ್ಕೊಮ್ಮೆ ಕೇಳುವ ಬದಲು "ಡಾಲರಿಗೆ ತಕ್ಕಂತೆ ತಾನಾಗಿ ಏರುವ ಹಾಗೆ ಮಾಡಿ" ಎಂದು ಕೇಳಬಹುದು.

2009ರ ಅಕ್ಟೋಬರಿನಲ್ಲಿ ಆಸಿಯಾನ್ ಒಪ್ಪಂದವನ್ನು ವಿರೋಧಿಸಿ ಕಾಸರಗೋಡಿನಿಂದ ತಿರುವನಂತಪುರದವರೆಗೆ ಮಾನವ ಸರಪಳಿ ನಡೆದದ್ದು ಹಲವರಿಗೆ ನೆನಪಿರಬಹುದು. ಕೈಕೈ ಹಿಡಿದು ನಿಂತ ಜನರಿಗೆ ಆತಂಕವಿತ್ತು. ಆ ಆತಂಕಕ್ಕೆ ಅಂಕಿಅಂಶದ ಬಲ ಕೊಡಬೇಕಾದದ್ದು ಕಾಲೇಜುಗಳ ಕೆಲಸವಾಗಿತ್ತು. ಇದು ಕಾಸರಗೋಡಿಗೆ ಮಾತ್ರ ಸೇರಿದ್ದಲ್ಲ. 2025ರ ಆಗಸ್ಟ್‌ನಲ್ಲಿ ಹತ್ತಿಯ ಶೇಕಡಾ 11ರ ಆಮದು ಸುಂಕವನ್ನು ವರ್ಷದ ಕೊನೆಯ ತನಕ ಬಿಟ್ಟಾಗ ಆಂಧ್ರದ ಆದೋನಿ ಮಾರುಕಟ್ಟೆಯ ಕನ್ನಡ ರೈತನಿಗೂ ಇದೇ ಪ್ರಶ್ನೆ ಎದುರಾಯಿತು.

ಪುಸ್ತಕವೇ ಬದಲಾಗುತ್ತಿದೆ

"ಊರಿನ ಉದಾಹರಣೆ ಸರಿ, ಆದರೆ ಪುಸ್ತಕ ಬದಲಿಸಲು ನಾವು ಯಾರು?" ಎಂದು ಕೇಳುವವರಿದ್ದಾರೆ. ಪುಸ್ತಕ ಬರೆದ ದೇಶಗಳಲ್ಲೇ ಪುಸ್ತಕದ ಮೇಲೆ ಪ್ರಶ್ನೆ ಎದ್ದಿದೆ. 2008ರ ಬ್ಯಾಂಕ್ ಕುಸಿತದ ನಂತರ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ಗೆ ಭೇಟಿ ಕೊಟ್ಟ ಬ್ರಿಟನ್ ರಾಣಿ, ಇದು ಯಾರ ಕಣ್ಣಿಗೂ ಯಾಕೆ ಬೀಳಲಿಲ್ಲ ಎಂದು ಕೇಳಿದರು. 2011ರ ನವೆಂಬರಿನಲ್ಲಿ ಹಾರ್ವರ್ಡಿನ ಕೆಲವು ವಿದ್ಯಾರ್ಥಿಗಳು ಪ್ರಸಿದ್ಧ ಪಠ್ಯಕಾರ ಗ್ರೆಗರಿ ಮ್ಯಾಂಕಿವ್ ಅವರ ತರಗತಿಯಿಂದ ಎದ್ದು ಹೊರನಡೆದರು. ಮ್ಯಾಂಚೆಸ್ಟರಿನಲ್ಲಿ ವಿದ್ಯಾರ್ಥಿಗಳು ಸಂಘ ಕಟ್ಟಿ ಪಠ್ಯ ಬದಲಿಸಿ ಎಂದರು. ವೆಂಡಿ ಕಾರ್ಲಿನ್, ಸ್ಯಾಮ್ಯುಯೆಲ್ ಬೌಲ್ಸ್ ಮೊದಲಾದವರು ಸೇರಿ 'ಕೋರ್' ಎಂಬ ಉಚಿತ ಪಠ್ಯವನ್ನೇ ಹೊರತಂದರು. ಇಂಟರ್ನೆಟ್ ಇದ್ದರೆ ಬದಿಯಡ್ಕದ ಹುಡುಗಿಯೂ ಅದನ್ನು ಓದಬಹುದು.

ಸಣ್ಣಪುಟ್ಟ ತಿದ್ದುಪಡಿ ಮಾತ್ರವಲ್ಲ. ಬ್ಯಾಂಕುಗಳು ಠೇವಣಿ ಸಂಗ್ರಹಿಸಿ ಅದನ್ನು ಸಾಲ ಕೊಡುತ್ತವೆ ಎಂದು ಪಠ್ಯಗಳು ಹೇಳುತ್ತವೆ. ಸಾಲ ಕೊಡುವಾಗಲೇ ಬ್ಯಾಂಕು ಹೊಸ ಠೇವಣಿಯನ್ನು ಸೃಷ್ಟಿಸುತ್ತದೆ, ಪಠ್ಯದ ವಿವರಣೆ ಸರಿಯಲ್ಲ ಎಂದು 2014ರಲ್ಲಿ ಬ್ಯಾಂಕ್ ಆಫ್ ಇಂಗ್ಲೆಂಡ್ ತನ್ನ ಪತ್ರಿಕೆಯಲ್ಲೇ ಬರೆಯಿತು.

ವಿನಿಮಯ ದರದ ಪಾಠಕ್ಕೂ ಇದೇ ಕಥೆ. ನಾಣ್ಯ ಕುಸಿದರೆ ರಫ್ತು ಹೆಚ್ಚುತ್ತದೆ ಎಂಬುದು ಹಳೆಯ ಪಾಠ. ಮೈಸೂರಿನಲ್ಲಿ ಶಾಲೆ ಕಲಿತ, ನಮ್ಮ ನೆರೆಯ ಕಣ್ಣೂರು ಮೂಲದ ಕುಟುಂಬದ ಗೀತಾ ಗೋಪಿನಾಥ್ ಅವರು ಸಹಸಂಶೋಧಕರೊಡನೆ ಇದನ್ನು ಪರೀಕ್ಷಿಸಿದರು. ಜಗತ್ತಿನ ವ್ಯಾಪಾರದ ದೊಡ್ಡ ಪಾಲಿನ ಬಿಲ್ ಆಗುವುದು ಡಾಲರಿನಲ್ಲಿ. ಹಾಗಾಗಿ ಸ್ವಂತ ನಾಣ್ಯ ಕುಸಿದಾಗ ಆಮದಿನ ಬೆಲೆ ಬೇಗ ಏರುತ್ತದೆ, ರಫ್ತು ಮಾತ್ರ ನಿರೀಕ್ಷಿಸಿದಷ್ಟು ಏರುವುದಿಲ್ಲ ಎಂದು ಅವರು ತೋರಿಸಿದರು. ಸೊಲ್ಲಾಪುರದ ಟವೆಲನ್ನು ಡಾಲರ್ ಬೆಲೆಗೆ ಕೊಳ್ಳುವ ಪರದೇಶದ ವ್ಯಾಪಾರಿಗೆ ರೂಪಾಯಿ ಬಿದ್ದದ್ದು ಕಾಣಿಸುವುದೇ ಇಲ್ಲ, ಅವನ ಬಿಲ್ ಹಾಗೆಯೇ ಇರುತ್ತದೆ. ಪೆಟ್ರೋಲ್ ಬಂಕಿನಲ್ಲಿ ಮಾತ್ರ ಅದರ ಬಿಸಿ ತಟ್ಟುತ್ತದೆ. ಗೀತಾ ಗೋಪಿನಾಥ್ 2019ರಲ್ಲಿ ಅಂತಾರಾಷ್ಟ್ರೀಯ ಹಣಕಾಸು ನಿಧಿಯ ಮುಖ್ಯ ಅರ್ಥಶಾಸ್ತ್ರಜ್ಞೆಯಾದರು, 2025ರಲ್ಲಿ ಮತ್ತೆ ಹಾರ್ವರ್ಡಿಗೆ ಪಾಠಕ್ಕೆ ಮರಳಿದರು. ಅವರ ಹೆಸರು ನಮ್ಮ ಸಾಮಾನ್ಯ ಜ್ಞಾನದ ಪ್ರಶ್ನೆಪತ್ರಿಕೆಗಳಲ್ಲಿ ಬರುತ್ತದೆ. ಅವರು ಕಂಡುಕೊಂಡದ್ದು ಪಾಠದಲ್ಲಿ ಬರಬೇಕು.

ಭಾಷೆಯ ಗೋಡೆ

ಕೊನೆಯದಾಗಿ ನಮ್ಮ ಹಳೆಯ ನೋವು. ಸಂವಿಧಾನದ 350ಎ ವಿಧಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯಲ್ಲಿ ಶಿಕ್ಷಣದ ಸೌಲಭ್ಯ ಕೊಡಬೇಕೆನ್ನುತ್ತದೆ, ಆದರೆ ಪ್ರಾಥಮಿಕ ಹಂತಕ್ಕೆ ಮಾತ್ರ. ಹತ್ತನೇ ತರಗತಿಯ ತನಕ ಕನ್ನಡ ಮಾಧ್ಯಮದಲ್ಲಿ ಓದಿದ ಮಗು ಅಲ್ಲಿಂದ ಮುಂದೆ ಇಂಗ್ಲಿಷ್ ಪುಸ್ತಕ, ಮಲಯಾಳದ ವಿವರಣೆಗಳ ನಡುವೆ ಈಜಬೇಕು. ಮನೆಯಲ್ಲಿ ತುಳು, ಕೊಂಕಣಿ, ಮರಾಠಿ ಅಥವಾ ಹವಿಗನ್ನಡ. ನಾಲ್ಕು ಭಾಷೆ ಬಲ್ಲ ಮಗು ದಡ್ಡ ಎನಿಸಿಕೊಳ್ಳುವುದು ಇಲ್ಲಿ ಮಾತ್ರ!

ಇಂಗ್ಲಿಷ್ ಬೇಡವೇ? ಬೇಕು. ಬ್ಯಾಂಕ್ ಪರೀಕ್ಷೆಗೆ, ನೆಟ್ ಪರೀಕ್ಷೆಗೆ, ಹೊರದೇಶದ ಓದಿಗೆ ಅದು ಬೇಕೇ ಬೇಕು. ಕೇರಳದಿಂದ ವಿದೇಶಕ್ಕೆ ಓದಲು ಹೋದವರ ಸಂಖ್ಯೆ 2018ರಲ್ಲಿ 1.29 ಲಕ್ಷ ಇದ್ದದ್ದು 2023ರಲ್ಲಿ ಸುಮಾರು 2.5 ಲಕ್ಷವಾಯಿತೆಂದು ಅದೇ ವಲಸೆ ಸಮೀಕ್ಷೆ ಹೇಳುತ್ತದೆ. ಆದರೆ ಪದ ಇಂಗ್ಲಿಷಿನಲ್ಲಿರುವುದು ಬೇರೆ, ಅರ್ಥವೂ ಇಂಗ್ಲಿಷಿನಲ್ಲೇ ಸಿಕ್ಕಿಬೀಳುವುದು ಬೇರೆ. ಕರ್ನಾಟಕದಲ್ಲಿ ಪಿಯುಸಿ ಅರ್ಥಶಾಸ್ತ್ರದ ಪುಸ್ತಕ ಕನ್ನಡದಲ್ಲಿದೆ. ವಿನಿಮಯ ದರ, ಅಪಮೌಲ್ಯ, ಹಣದುಬ್ಬರ ಎಂಬ ಪದಗಳು ಪತ್ರಿಕೆ ಓದುವ ಯಾರಿಗೂ ಹೊಸದಲ್ಲ. ಅವನ್ನು ಗಡಿ ದಾಟಿಸಲು ಸುಂಕವೇನೂ ಇಲ್ಲವಲ್ಲ? 2025ರ ಕೇಂದ್ರ ಬಜೆಟ್‌ನಲ್ಲಿ ಶಾಲೆ ಮತ್ತು ಉನ್ನತ ಶಿಕ್ಷಣಕ್ಕೆ ಭಾರತೀಯ ಭಾಷೆಗಳ ಡಿಜಿಟಲ್ ಪುಸ್ತಕಗಳನ್ನು ಕೊಡುವ ಯೋಜನೆ ಘೋಷಣೆಯಾಗಿದೆ. ಅದರಲ್ಲಿ ಗಡಿನಾಡಿನ ಪಾಲು ಕೇಳುವವರು ಬೇಕು.

ಏನು ಮಾಡಬಹುದು?

ದೊಡ್ಡ ಹಣ ಬೇಕಾಗಿಲ್ಲ. 2024ರಿಂದ ಕೇರಳದಲ್ಲಿ ನಾಲ್ಕು ವರ್ಷದ ಡಿಗ್ರಿ ಬಂದಿದೆ, ಸಂಶೋಧನೆಗೆ, ಪ್ರಾಜೆಕ್ಟಿಗೆ ಅದರಲ್ಲಿ ಜಾಗವಿದೆ. ಒಂದು ವಾರ್ಡಿನ ಮನೆಗಳಿಗೆ ವರ್ಷಕ್ಕೆ ಎಷ್ಟು ಹೊರಗಿನ ಹಣ ಬಂತು, ಬ್ಯಾಂಕಿನ ದಾರಿಯಲ್ಲಿ ಎಷ್ಟು, ಮನೆ ಕಟ್ಟಲು ಎಷ್ಟು, ಚಿನ್ನಕ್ಕೆ ಎಷ್ಟು, ಮಕ್ಕಳ ಓದಿಗೆ ಎಷ್ಟು ಎಂದು ಹೆಸರು ಬರೆಯದೆ ಸಂಗ್ರಹಿಸಿದರೆ ಅದೇ ಒಂದು ಊರಿನ ಪಾವತಿ ಬಾಕಿ. ಅದನ್ನು ಕನ್ನಡ, ಮಲಯಾಳ ಎರಡರಲ್ಲೂ ಗ್ರಾಮಸಭೆಯಲ್ಲಿ ಓದಿ ಹೇಳಿದರೆ ಪಾಠವೂ ಆಯಿತು, ಊರಿಗೆ ಉಪಕಾರವೂ ಆಯಿತು. ಇಂಗ್ಲಿಷ್, ಕನ್ನಡ, ಮಲಯಾಳ ಮೂರೂ ಇರುವ ನೂರು ಪದಗಳ ಒಂದು ಪಟ್ಟಿಯನ್ನು ಕನ್ನಡ ವಿಭಾಗ ಮತ್ತು ಅರ್ಥಶಾಸ್ತ್ರ ವಿಭಾಗ ಕೂಡಿ ಒಂದು ವರ್ಷದಲ್ಲಿ ಮಾಡಬಹುದು. ಉತ್ತರ ಇಂಗ್ಲಿಷಿನಲ್ಲಿ ಬರೆದರೂ ಚರ್ಚೆ ಮಕ್ಕಳಿಗೆ ತಿಳಿಯುವ ಭಾಷೆಯಲ್ಲಿ ನಡೆಯಬಹುದು.

ನಮ್ಮ ದುಡ್ಡಿನ ಬೆಲೆಯನ್ನು ವಾಷಿಂಗ್ಟನ್, ಮುಂಬಯಿ, ಅಬುಧಾಬಿಗಳಲ್ಲಿ ಕುಳಿತವರು ನಿರ್ಧರಿಸುತ್ತಾರೆ. ಅದನ್ನು ತಡೆಯಲು ಒಂದು ಪಂಚಾಯತಿಗೆ ಸಾಧ್ಯವಿಲ್ಲ. ಆದರೆ ಅವರು ಏನು ನಿರ್ಧರಿಸಿದರು, ಯಾಕೆ, ಅದರಿಂದ ನಮ್ಮ ಸಾಲ, ಠೇವಣಿ, ಅಡಿಕೆ ಏನಾಗುತ್ತದೆ ಎಂದು ಬಿಡಿಸಿ ಹೇಳಬಲ್ಲ ಒಬ್ಬ ಹುಡುಗ ಅಥವಾ ಹುಡುಗಿ ಪ್ರತಿ ಊರಿನಲ್ಲಿ ಇರುವಂತೆ ನೋಡಿಕೊಳ್ಳಬಹುದು. ಇಲ್ಲದಿದ್ದರೆ ಹೆಚ್ಚು ಬಡ್ಡಿಯ ಆಸೆ ತೋರಿಸುವ ಏಜೆಂಟನ ಮಾತೇ ಊರಿಗೆ ಅರ್ಥಶಾಸ್ತ್ರವಾಗುತ್ತದೆ. ಮುಂದಿನ ಶೈಕ್ಷಣಿಕ ವರ್ಷದ ಪಠ್ಯಸಮಿತಿಗಳು ಕೂರುವ ಮೊದಲು ನಮ್ಮ ಕಾಲೇಜುಗಳ ಅಧ್ಯಾಪಕರು, ಪಿಟಿಎಗಳು, ಕನ್ನಡ ಸಂಘಟನೆಗಳು ಈ ಬಗ್ಗೆ ಒಮ್ಮೆ ಕುಳಿತು ಮಾತಾಡುವುದು ಒಳ್ಳೆಯದು.